ಸಿರುಗುಪ್ಪ ಕಡೆಯ ನಮ್ಮೂರ ಹಳೇ ಇಟ್ಟಿಗೆ ಶಾಲೆ: ಕಟ್ಟಿಸಿದ್ದು ಯಾರು, ಉಳಿಸೋದು ಹೇಗೆ?

ಭತ್ತದೂರು:

ಎಲ್ಲರಿಗೂ ನಮಸ್ಕಾರ.

ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರಾ ದಂಡೆಯ ಹಳ್ಳಿ ನಮ್ಮದು. ಸರ್ಕಾರಿ ಶಾಲೆಯ ಆವರಣದಲ್ಲಿ ಒಂದು ಹಳೇ ಇಟ್ಟಿಗೆ ಕಟ್ಟಡ ಇದೆ. ಒಂದು ಉದ್ದ ಕೋಣೆ, ಮಗ್ಗುಲಿಗೆ ಹೆಡ್ ಮಾಸ್ತರರ ಚಿಕ್ಕ ಕೋಣೆ, ಮುಂದೆ ನಾಲ್ಕು ಕಮಾನಿನ ಪಡಸಾಲೆ. ಗೋಡೆ ಒಂದೂವರೆ ಅಡಿ ದಪ್ಪ. ಹೊರಗೆ ಗಿಲಾವು ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತದೆ. ಏಪ್ರಿಲ್ ಬಿಸಿಲಲ್ಲೂ ಒಳಗೆ ಕೂತರೆ ಫ್ಯಾನ್ ಬೇಕು ಅನಿಸುವುದಿಲ್ಲ.

ನಮ್ಮ ತಾತ, ನಮ್ಮಮ್ಮ, ನಾನು, ಮೂವರೂ ಅಕ್ಷರ ಕಲಿತದ್ದು ಅಲ್ಲೇ. ಪಡಸಾಲೆಯ ಎಡಗಡೆ ಕಂಬದಲ್ಲಿ, ಮಕ್ಕಳ ಎದೆಮಟ್ಟಕ್ಕೆ, ಇಟ್ಟಿಗೆ ತುಂಬ ಗೀರುಗಳಿವೆ. ಬಳಪದ ಮೊನೆ ಮಾಡಿಕೊಳ್ಳಲು ಹುಡುಗರು ಉಜ್ಜಿ ಉಜ್ಜಿ ಬಿದ್ದ ಗೀರುಗಳು. ಕೆಲವದರಲ್ಲಿ ನನ್ನ ಕಿರುಬೆರಳು ಅರ್ಧ ಮುಳುಗುತ್ತದೆ. ಒಂದು ತಲೆಮಾರಿನ ಮಕ್ಕಳಿಂದ ಅಷ್ಟು ಆಳ ಆಗಿರಲಾರದು.

ಹೊಸ ಆರ್‌ಸಿಸಿ ಕೋಣೆಗಳು ಬಂದ ಮೇಲೆ ಇಲ್ಲಿ ಬಿಸಿಯೂಟದ ಅಕ್ಕಿ ಚೀಲ ಇಡುತ್ತಿದ್ದರು. ಆಮೇಲೆ ಬೀಗ ಬಿತ್ತು. ಈಗ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ 'ಶಿಥಿಲ' ಎಂದು ಬರೆದು ಹೋಗಿದ್ದಾರೆ. ಕೆಡವಿ ಆ ಜಾಗದಲ್ಲಿ ಎರಡು ಕೋಣೆ ಕಟ್ಟಿಸೋಣ ಅಂತ ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ) ಅರ್ಧ ಜನ. ಬೇಡ ಅಂತ ಇನ್ನರ್ಧ ಜನ. ಬೇಡ ಅನ್ನುವವರ ಹತ್ತಿರ 'ಹಳೇದು' ಅನ್ನುವ ಒಂದು ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ.

ಊರಲ್ಲಿ ಹಿರಿಯರು ಮನ್ರೋ ಸಾಹೇಬ ಕಟ್ಟಿಸಿದ್ದು ಅನ್ನುತ್ತಾರೆ. ಬಾಗಿಲ ಮೇಲೆ ಒಂದು ಕಲ್ಲಿದೆ. ವರ್ಷ ವರ್ಷ ಸುಣ್ಣ ಬಳಿದು ಬಳಿದು ಅದರ ಅಕ್ಷರ ಮುಚ್ಚಿಹೋಗಿವೆ. ಒಳಗೆ ಮಾಳಿಗೆ ಹೊತ್ತ ಕಬ್ಬಿಣದ ತೊಲೆಗಳ ಮೇಲೆ ಇಂಗ್ಲಿಷಿನಲ್ಲಿ ಉಬ್ಬು ಅಕ್ಷರ ಇವೆ: ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ, ಇಂಗ್ಲೆಂಡ್. ಹಿತ್ತಿಲಲ್ಲಿ ಒಂದು ದೊಡ್ಡ ಗುಂಡುಕಲ್ಲು ಬಿದ್ದಿದೆ, ನಡುವೆ ಚೌಕದ ತೂತು.

ಇದು ಯಾವ ಕಾಲದ್ದು? ಯಾವ ದಾಖಲೆ ಎಲ್ಲಿ ಹುಡುಕಬೇಕು? ನಿಜವಾಗಿಯೂ ಉಳಿಸಲು ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ. ನಮಗೆ ಜಾಸ್ತಿ ಸಮಯ ಇಲ್ಲ.

---

ತೆಕ್ಕಲಕೋಟೆ ಟೀಚರ್:

ನಿಮ್ಮ ಪ್ರೀತಿ ಅರ್ಥ ಆಗುತ್ತದೆ. ಆದರೆ ನಾನು ದಿನಾ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವವಳು. ಮಳೆಗಾಲದಲ್ಲಿ ಮೇಲಿಂದ ಗಾರೆ ಚೂರು ಬಿದ್ದರೆ ಮೊದಲು ಓಡಿ ಬರುವವಳು ನಾನೇ. ಎರಡು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಶಾಲೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಇವೆ. ಹೊಸ ಕೋಣೆ ಬರುವುದಿದ್ದರೆ ಅದನ್ನು ತಡೆಯಬೇಡಿ. ಹೊಸದು ಬೇರೆ ಜಾಗದಲ್ಲಿ ಬಂದು, ಹಳೆಯದೂ ಗಟ್ಟಿಯಾಗಿ ಉಳಿಯುತ್ತದೆ ಅಂದರೆ ನನ್ನದೇನೂ ತಕರಾರಿಲ್ಲ. ಸುಮ್ನೆ ಬೀಗ ಹಾಕಿ, ಹಾವು ಚೇಳಿಗೆ ಬಿಟ್ಟು, ಅದನ್ನೇ ಉಳಿಸಿದ್ದೇವೆ ಅನ್ನುವುದು ಮಾತ್ರ ಬೇಡ.

---

ಗಾರೆ ಕೆಲಸ, ಹೊಸಪೇಟೆ:

ಟೀಚರ್ ಹೇಳಿದ್ದು ಸರಿ. ಮೊದಲು ಕಟ್ಟಡ ಗಟ್ಟಿ ಇದೆಯಾ ನೋಡೋಣ. ನಾನು ಹಳೇ ಕಟ್ಟಡಗಳ ಗಾರೆ ರಿಪೇರಿ ಮಾಡಿಸುವವನು. ಫೋಟೋ ಇಲ್ಲದೆ ಪೂರ್ತಿ ಹೇಳಲಾರೆ, ಆದರೆ ನೀವು ಬರೆದದ್ದರಲ್ಲೇ ಬೇಕಾದಷ್ಟು ವಿಷಯ ಇದೆ.

ಆ ಗುಂಡುಕಲ್ಲು ಗಾರೆ ಗಾಣದ್ದು. ದುಂಡಗೆ ಕಲ್ಲಿನ ಕಾಲುವೆ ಮಾಡಿ, ಅದರೊಳಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ, ಎತ್ತು ಕಟ್ಟಿ ಈ ಗುಂಡನ್ನು ತಿರುಗಿಸುತ್ತಿದ್ದರು. ಚೌಕದ ತೂತು ಮರದ ಅಚ್ಚು ತೂರಿಸಲು. ಅಂದರೆ ಗಾರೆ ಅರೆದದ್ದು ನಿಮ್ಮ ಶಾಲೆಯ ಹಿತ್ತಿಲಲ್ಲೇ. ಆ ಕಲ್ಲನ್ನು ಯಾರಿಗೂ ಕೊಡಬೇಡಿ.

ಗುಡ್ಡ ಗುಡ್ಡವೇ ಕಲ್ಲಿರುವ ಸೀಮೆಯಲ್ಲಿ ಇಟ್ಟಿಗೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಹೊಳೆ ದಂಡೆಯ ಮೆಕ್ಕಲು ಮಣ್ಣು ಇಟ್ಟಿಗೆಗೆ ಹೇಳಿ ಮಾಡಿಸಿದ್ದು. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ನೋಡಿ, ಬುಡ ಮಾತ್ರ ಕಲ್ಲು, ಮೇಲಿನ ಅಂತಸ್ತೆಲ್ಲ ಇಟ್ಟಿಗೆ ಮತ್ತು ಗಾರೆ. ಈ ದಂಡೆಯ ಗೌಂಡಿಗಳಿಗೆ ಅದು ಹೊಸ ವಿದ್ಯೆ ಅಲ್ಲ.

ಈಗ ತೊಲೆ. ಡಾರ್ಮನ್ ಲಾಂಗ್ ಕಂಪನಿ ಶುರುವಾದದ್ದು 1875ರಲ್ಲಿ. ಸಿಡ್ನಿಯಲ್ಲಿ 1932ರಲ್ಲಿ ತೆರೆದ ದೊಡ್ಡ ಕಮಾನಿನ ಸೇತುವೆ ಕಟ್ಟಿದವರೂ ಅವರೇ. ಹಾಗಾಗಿ ನಿಮ್ಮ ಮಾಳಿಗೆ 1875ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಗೋಡೆ ಹಳೆಯದಿದ್ದು ಮಾಳಿಗೆ ಆಮೇಲೆ ಹಾಕಿರಬಹುದು. ಅದನ್ನು ತಿಳಿಯಲು ತೊಲೆಗಳ ಆಸುಪಾಸು ಗೋಡೆಯಲ್ಲಿ ಚೌಕಾಕಾರದ ಮುಚ್ಚಿದ ತೂತು ಇವೆಯಾ ನೋಡಿ. ಇದ್ದರೆ ಮೊದಲು ಮರದ ತೊಲೆ ಇತ್ತು ಅಂತ. ಇಲ್ಲದಿದ್ದರೆ ಗೋಡೆ, ಮಾಳಿಗೆ ಎರಡೂ ಒಂದೇ ಕಾಲದವು ಇರಬಹುದು.

ತೊಲೆ ನಡುವೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ನೆಟ್ಟಗೆ ನಿಲ್ಲಿಸಿ ಜೋಡಿಸಿದ್ದರೆ ಅದು ಮದ್ರಾಸ್ ತಾರಸಿ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಅದು ಸೋರಲು ಶುರುವಾದರೆ ಕಾರಣ ಹೆಚ್ಚಾಗಿ ಒಂದೇ, ಮೇಲೆ ಬೆಳೆದ ಅರಳಿ ಗಿಡ. ಗಿಡ ಎಳೆದು ಕೀಳಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಬೇರು ಸಾಯಿಸಿ, ಒಣಗಿದ ಮೇಲೆ ತೆಗೆಯಬೇಕು.

ಗೋಡೆ ಬಿರುಕು ಇದ್ದರೆ ಗಾಬರಿ ಬೇಡ. ನಿಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪಾಯದ ಪಕ್ಕ ನೀರು ನಿಂತರಂತೂ ಇನ್ನೂ ಜಾಸ್ತಿ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಚೂರನ್ನು ಎರಡೂ ಕಡೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಒಡೆಯದಿದ್ದರೆ ಅದು ಹಳೇ ಬಿರುಕು, ಗಾರೆ ತುಂಬಿದರೆ ಮುಗಿಯಿತು.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಸಿಮೆಂಟ್ ಮುಟ್ಟಿಸಬೇಡಿ. ಗಾರೆ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಸವಳು ಏರಿ, ಸಿಮೆಂಟಿನ ಮೇಲಂಚಿನಲ್ಲಿ ಇಟ್ಟಿಗೆ ರವೆ ರವೆಯಾಗಿ ಉದುರುತ್ತದೆ. ನೂರು ವರ್ಷ ನಿಂತ ಗೋಡೆ ಹತ್ತು ವರ್ಷದಲ್ಲಿ ಹಾಳಾಗುವುದು ಹೀಗೆ.

---

ನಿವೃತ್ತ ಮಾಸ್ತರು, ಬಳ್ಳಾರಿ:

ತಮ್ಮಾ, ನಿನ್ನ ಪ್ರಶ್ನೆ ಓದಿ ತುಂಬಾ ಸಂತೋಷ ಆಯಿತು. ಈ ಜಿಲ್ಲೆಯ ಹಳೇ ಶಾಲೆಗಳ ಬಗ್ಗೆ ಕೇಳುವವರೇ ಕಡಿಮೆ.

ಮೊದಲು ಮನ್ರೋ ವಿಷಯ. 1800ರಲ್ಲಿ ನಿಜಾಮನಿಂದ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಬಂದಾಗ ಥಾಮಸ್ ಮನ್ರೋ ಇಲ್ಲಿಗೆ ಪ್ರಧಾನ ಕಲೆಕ್ಟರಾಗಿ ಬಂದರು. 1807ರಲ್ಲಿ ಹೋದರು. 1820ರಲ್ಲಿ ಮದ್ರಾಸಿನ ಗವರ್ನರ್ ಆದರು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡರು. ತೊಲೆ ಮೇಲಿನ ಹೆಸರು ನೋಡಿದರೆ ನಿಮ್ಮ ಮಾಳಿಗೆ ಅವರು ಹಾಕಿಸಿದ್ದಲ್ಲ. ಆದರೆ ಮನ್ರೋಗೂ ನಮ್ಮ ಶಾಲೆಗಳಿಗೂ ನಿಜವಾದ ಒಂದು ನಂಟಿದೆ. ಅದು ಕಟ್ಟಡಕ್ಕಿಂತ ದೊಡ್ಡದು.

1822ರ ಜೂನ್ 25ರಂದು ಮನ್ರೋ ಒಂದು ಆದೇಶ ಬರೆದರು. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರ ಮಕ್ಕಳು ಓದುತ್ತಾರೆ, ಏನು ಓದುತ್ತಾರೆ, ಲೆಕ್ಕ ಕೊಡಿ ಅಂತ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳಿಸಿದರು. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಅಷ್ಟೂ ಮಕ್ಕಳಲ್ಲಿ ಹುಡುಗಿಯರು ಬರೀ 60.

ಆ ವರದಿಯಲ್ಲಿ ಶಾಲೆ ಹೇಗೆ ನಡೆಯುತ್ತಿತ್ತು ಅನ್ನುವುದೂ ಇದೆ. ಬೆಳಗ್ಗೆ ಆರಕ್ಕೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಾ ಹೋಗುತ್ತಿತ್ತು. ಮೊದಲು ಮರಳಲ್ಲಿ ಬೆರಳಿಂದ ತಿದ್ದುವುದು, ಆಮೇಲೆ ಹಲಗೆ, ಕಡತ. ಕಡತ ಅಂದರೆ ಬಟ್ಟೆಯನ್ನು ಮಡಿಕೆ ಮಾಡಿ, ಅಕ್ಕಿ ಗಂಜಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ್ದು. ಅದರ ಮೇಲೆ ಬಳಪದಲ್ಲಿ ಬರೆದು ಒರೆಸಬಹುದು. ನಿಮ್ಮ ಕಂಬದ ಗೀರು ಓದಿದಾಗ ನನಗೆ ಇದೇ ನೆನಪಾಯಿತು.

ಕ್ಯಾಂಪ್‌ಬೆಲ್ ಇನ್ನೊಂದು ಮಾತನ್ನೂ ಮುಚ್ಚಿಡದೆ ಬರೆದರು. ಈ 533ರಲ್ಲಿ ಒಂದಕ್ಕೂ ಸರ್ಕಾರದಿಂದ ನೆರವಿಲ್ಲ, ಹೇಳಲು ನಾಚಿಕೆಯಾಗುತ್ತದೆ ಅಂತ. ಸೀಮೆ ಬಟ್ಟೆ, ಅಂದರೆ ವಿಲಾಯತಿ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಕಟ್ಟಿತು, ಜನ ಬಡವಾದರು, ಮಕ್ಕಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದರು ಅನ್ನುವ ಅರ್ಥದಲ್ಲೂ ಬರೆದಿದ್ದಾರೆ. ಕಂಪನಿಯ ಅಧಿಕಾರಿಯೇ ಕಂಪನಿಗೆ ಬರೆದ ಮಾತು ಇದು. ಧರಂಪಾಲ್ ಅವರು 1983ರಲ್ಲಿ ತಮ್ಮ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಈ ವರದಿಯನ್ನು ಅಚ್ಚು ಹಾಕಿಸಿದ್ದಾರೆ. ಸಿಕ್ಕರೆ ಖಂಡಿತ ಓದು.

ಆ ಶಾಲೆಗಳು ಗುಡಿ ಪೌಳಿಯಲ್ಲಿ, ಯಾರದೋ ಪಡಸಾಲೆಯಲ್ಲಿ, ಮರದಡಿ ನಡೆಯುತ್ತಿದ್ದವು. ಹಾಗಾಗಿ ನಿಮ್ಮೂರಲ್ಲಿ ಶಾಲೆ ಎಷ್ಟು ಹಳೆಯದು ಅನ್ನುವ ಪ್ರಶ್ನೆ ಬೇರೆ, ಈ ಕಟ್ಟಡ ಎಷ್ಟು ಹಳೆಯದು ಅನ್ನುವ ಪ್ರಶ್ನೆ ಬೇರೆ. ಎರಡನ್ನೂ ಬೇರೆ ಬೇರೆ ಹುಡುಕು. ಬಳ್ಳಾರಿ ಪಟ್ಟಣದ ಕಥೆ ಇನ್ನೊಂದು ಥರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದು ಶಾಲೆ ತೆರೆದರು. ಅದೇ ಮಿಷನ್ನಿನ ವಾರ್ಡ್‌ಲಾ ಅವರ ಹೆಸರಿನ ಶಾಲೆ 1846ರದ್ದು, ಇವತ್ತಿಗೂ ನಡೆಯುತ್ತಿದೆ. ಹಳ್ಳಿಗಳಿಗೆ ಸರ್ಕಾರದ ದುಡ್ಡು ಬಂದದ್ದು ತಡವಾಗಿ. 1871ರಲ್ಲಿ ಮದ್ರಾಸಿನಲ್ಲಿ ಲೋಕಲ್ ಫಂಡ್ (ಸ್ಥಳೀಯ ನಿಧಿ) ಕಾನೂನು ಆಯಿತು. 1884ರಲ್ಲಿ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು ಬಂದವು. ರಸ್ತೆ, ಛತ್ರ, ದವಾಖಾನೆ, ಶಾಲೆ ಎಲ್ಲ ಅವರ ಕೈಯಲ್ಲಿ. ನಿಮ್ಮ ಕಟ್ಟಡ ಆ ಕಾಲದ್ದಿರಬಹುದು ಅಂತ ನನ್ನ ಅಂದಾಜು. ಬಾಗಿಲ ಮೇಲಿನ ಕಲ್ಲನ್ನು ಉಳಿ, ತಂತಿ ಬ್ರಷ್ ಮುಟ್ಟಿಸದೆ, ಒದ್ದೆ ಬಟ್ಟೆ ಇಟ್ಟು ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಸುಣ್ಣ ಬಿಡಿಸಿ ನೋಡು.

ದಾಖಲೆ ಮಾತಿಗೆ ಬಂದರೆ, 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದಲ್ಲಿದ್ದವರು. ಆಲೂರು, ಆದೋನಿ, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ಸೇರಿ ಉಳಿದ ತಾಲ್ಲೂಕು ಮೈಸೂರಿಗೆ ಬಂದವು. ಹಾಗಾಗಿ ಹಳೇ ಕಾಗದ ಹುಡುಕುವುದಾದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. 1872ರ ಕೆಲ್ಸಾಲ್ ಕೈಪಿಡಿ, 1904ರ ಫ್ರಾನ್ಸಿಸ್ ಗೆಜೆಟಿಯರ್ ಎರಡರಲ್ಲೂ ಜಿಲ್ಲೆಯ ಶಿಕ್ಷಣದ ವಿಷಯ ಇದೆ. ಆದರೆ ಅಷ್ಟು ದೂರ ಹೋಗುವ ಮೊದಲು ಶಾಲೆಯ ಬೀರು ತೆಗೆಸು. ಹಳೇ ದಾಖಲಾತಿ ರಿಜಿಸ್ಟರ್ ನಿನಗೆ ಬೇಕಾದ ಅರ್ಧ ಚರಿತ್ರೆ. ಮೊದಲ ಹೆಸರು ಯಾವ ವರ್ಷದ್ದು, ಮೊದಲ ಹುಡುಗಿ ಯಾವಾಗ ಸೇರಿದಳು, ಕೇರಿಯ ಮೊದಲ ಮಗು ಯಾವಾಗ ಸೇರಿತು, ಇದನ್ನು ಬರೆದುಕೋ. ಕಟ್ಟಡ ಯಾರು ಕಟ್ಟಿಸಿದರು ಅನ್ನುವುದಕ್ಕಿಂತ ಅದರೊಳಗೆ ಯಾರನ್ನು ಯಾವಾಗ ಬಿಟ್ಟುಕೊಂಡರು ಅನ್ನುವುದು ನನ್ನ ಮಟ್ಟಿಗೆ ದೊಡ್ಡ ವಿಷಯ.

---

ಮಾನ್ವಿಯವಳು:

ನಾವು ಹೊಳೆಯಾಚೆ, ರಾಯಚೂರು ಜಿಲ್ಲೆ. ನೀರು ಒಂದೇ ಆದರೂ ಶಾಲೆಯ ಕಥೆ ಪೂರ್ತಿ ಬೇರೆ. ನಮ್ಮ ಕಡೆ ನಿಜಾಮರ ಆಳ್ವಿಕೆ, ಸರ್ಕಾರದ ಭಾಷೆ ಉರ್ದು. ನಮ್ಮೂರ ಶಾಲೆಯ ಹಳೇ ರಿಜಿಸ್ಟರ್ ಉರ್ದುವಿನಲ್ಲಿದೆ, ಓದಲು ಮಸೀದಿ ಹತ್ತಿರದ ಒಬ್ಬ ಹಿರಿಯರು ಸಹಾಯ ಮಾಡಿದರು. ಇಸವಿ ಬದಲು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ ಇರುತ್ತದೆ. ಫಸಲಿಗೆ 590 ಸೇರಿಸಿದರೆ ಇಸವಿ ಸಿಗುತ್ತದೆ. 1340 ಫಸಲಿ ಅಂದರೆ 1930-31. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ಶುರು, ಮದ್ರಾಸಿನದು ಜುಲೈನಲ್ಲಿ. ನಿಮ್ಮ ಕಡೆ ಕಂದಾಯದ ಕಾಗದದಲ್ಲಿ ಫಸಲಿ ಬಂದರೆ ಇದನ್ನು ನೆನಪಿಡಿ.

ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದದ್ದು ಆ ಕಾಲದಲ್ಲೇ. ಊರ ಜನ ತಾವೇ ಮುಂದೆ ಬಂದರೆ ಶಾಲೆ ನಿಲ್ಲುತ್ತದೆ ಅಂತ ನಮ್ಮ ಕಡೆಯವರು ಕಲಿತದ್ದು ಅಂಥವರಿಂದ.

ಇನ್ನೊಂದು ವಿಷಯ. ಕಟ್ಟಡ ಉಳಿಸಿದ ಮೇಲೆ ಅದರಲ್ಲಿ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ 'ಅರಿವು ಕೇಂದ್ರ' ಅನ್ನುತ್ತಾರಲ್ವಾ, ಅದನ್ನು ಅಲ್ಲಿಗೆ ತನ್ನಿ. ಸಂಜೆ ಮಕ್ಕಳು ಬರುವಂತಾದರೆ ಕಟ್ಟಡ ತಾನಾಗಿ ಉಳಿಯುತ್ತದೆ.

---

ಭತ್ತದೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಗೆಳೆಯರೆಲ್ಲ ಸೇರಿ ಬೀಗ ತೆಗೆಸಿದೆವು.

ತೊಲೆಗಳ ಆಸುಪಾಸು ಮುಚ್ಚಿದ ತೂತು ಒಂದೂ ಇಲ್ಲ. ಮಾಳಿಗೆ ಇಟ್ಟಿಗೆ ಓರೆಯಾಗಿಯೇ ಜೋಡಿಸಿದ್ದಾರೆ, ಕೆಳಗಿಂದ ನೋಡಿದರೆ ಚಾಪೆ ಹೆಣೆದ ಹಾಗೆ ಕಾಣುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಸೋರಿದ ಗುರುತಿದೆ, ಅದರ ಮೇಲೆಯೇ ಅರಳಿ ಗಿಡ. ಹಿಂದಿನ ಗೋಡೆಯ ಬಿರುಕಿಗೆ ಗಾಜು ಅಂಟಿಸಿದ್ದೇವೆ.

ಬಾಗಿಲ ಕಲ್ಲನ್ನು ಒದ್ದೆ ಗೋಣಿಚೀಲದಲ್ಲಿ ನೆನೆಸಿ ಬಿಡಿಸಿದೆವು. ಸುಣ್ಣ ಪದರ ಪದರವಾಗಿ ಬಂತು, ನಡುನಡುವೆ ನೀಲಿ ಪದರ ಕೂಡ. ಇಂಗ್ಲಿಷಿನ ಎರಡು ಅಕ್ಷರ ಸ್ಪಷ್ಟ ಇವೆ: ಎಲ್, ಎಫ್. ಅದರ ಕೆಳಗೆ ಕಲ್ಲು ಚಕ್ಕೆ ಎದ್ದು ಹೋಗಿದೆ.

ರಿಜಿಸ್ಟರ್ ಸಿಕ್ಕಿತು, ಆದರೆ ಮೊದಲ ಹಾಳೆಗಳನ್ನು ಗೆದ್ದಲು ತಿಂದಿದೆ. ಉಳಿದದ್ದರಲ್ಲಿ ಕೆಲವು ಹೆಸರು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಬಹುಶಃ ಮಾಸ್ತರರು ಬದಲಾದಂತೆ ಅಕ್ಷರವೂ ಬದಲಾಗಿದೆ. ಓದಲು ಬರುವ ಮೊದಲ ಹುಡುಗಿಯ ಹೆಸರಿನ ಮುಂದೆ, ತಂದೆಯ ಕಸುಬು ಅನ್ನುವ ಕಡೆ 'ಹರಿಗೋಲು' ಅಂತ ಬರೆದಿದ್ದಾರೆ. ಅಂಬಿಗರ ಹುಡುಗಿ. ಆ ಮನೆತನದವರು ಈಗಲೂ ಊರಲ್ಲಿದ್ದಾರೆ. ಅವರಿಗೆ ಆ ಸಾಲು ತೋರಿಸಿದೆ. ಕೆಡವುವ ಪರವಾಗಿದ್ದ ಅವರ ಮನೆಯ ಹಿರಿಯರು ಬಹಳ ಹೊತ್ತು ಪುಸ್ತಕ ಹಿಡಿದುಕೊಂಡೇ ಕೂತರು. ಗ್ರಾಮಸಭೆಗೆ ಬರುತ್ತೇನೆ ಅಂದಿದ್ದಾರೆ.

ಈಗ ಅರ್ಜಿ ಯಾರಿಗೆ, ಹೇಗೆ ಬರೆಯಬೇಕು?

---

ನಿವೃತ್ತ ಮಾಸ್ತರು, ಬಳ್ಳಾರಿ:

ಎಲ್. ಎಫ್. ಅಂದರೆ ಲೋಕಲ್ ಫಂಡ್ ಎಂದೇ ನನ್ನ ನಂಬಿಕೆ. ಕಲ್ಲು, ತೊಲೆ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ನಿಮ್ಮೂರ ರೈತರು ಕಂದಾಯದ ಜೊತೆ ಸೆಸ್ ಕಟ್ಟಿದ ದುಡ್ಡಲ್ಲಿ ಎದ್ದ ಕಟ್ಟಡ ಅದು. ಯಾವ ಸಾಹೇಬನ ಧರ್ಮವೂ ಅಲ್ಲ. ಗ್ರಾಮಸಭೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳು.

ಮೊದಲ ಕೆಲಸ ಠರಾವು. ಗ್ರಾಮಸಭೆಯಲ್ಲಿ ಒಂದು, ಎಸ್‌ಡಿಎಂಸಿಯಲ್ಲಿ ಒಂದು. ಹೊಸ ಕೋಣೆಗಳಿಗೆ ಆವರಣದ ಇನ್ನೊಂದು ಜಾಗವನ್ನು ಅದೇ ಠರಾವಿನಲ್ಲಿ ತೋರಿಸಿಬಿಡಿ. ಟೀಚರ್ ಅಮ್ಮ ಹೇಳಿದ ಮಾತಿಗೆ ಅದೇ ಉತ್ತರ. ಅದರ ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. 'ಶಿಥಿಲ' ಅಂದದ್ದನ್ನು ಮರುಪರಿಶೀಲಿಸಿ, ಗಾರೆ ಕಟ್ಟಡ ಬಲ್ಲ ಇಂಜಿನಿಯರಿಂದ ನೋಡಿಸಿ ಅಂತ ಅರ್ಜಿಯಲ್ಲೇ ಕೇಳಿ. ಆರ್‌ಸಿಸಿ ಲೆಕ್ಕದಲ್ಲಿ ಗಾರೆ ಗೋಡೆಯನ್ನು ಅಳೆದರೆ ಅದು ಯಾವಾಗಲೂ ಫೇಲೇ.

ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ. 1961ರ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಟ್ಟಡವನ್ನು ಸಂರಕ್ಷಿತ ಅಂತ ಘೋಷಿಸಲು ಅವಕಾಶ ಇದೆ. ಅರ್ಜಿ ಹಾಕು, ಆದರೆ ಅದನ್ನೇ ಕಾಯುತ್ತಾ ಕೂರಬೇಡ. ರಿಪೇರಿ ದುಡ್ಡಿಗೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಇದೆಯಲ್ಲ, ಶಾಸಕರ ಮೂಲಕ ಕೇಳಿ. ಅರ್ಜಿ ಜೊತೆ ಕಲ್ಲಿನ ಫೋಟೋ, ತೊಲೆಯ ಫೋಟೋ, ರಿಜಿಸ್ಟರ್ ಹಾಳೆಯ ಫೋಟೋ, ಶಾಲೆ ಜಾಗದ ಪಹಣಿ ಇರಲಿ. ರಿಜಿಸ್ಟರನ್ನು ಮಾತ್ರ ಯಾರ ಕೈಗೂ ಬಿಡಬೇಡ. ಪ್ರತಿ ಹಾಳೆ ಮೊಬೈಲಿನಲ್ಲಿ ತೆಗೆದು ನಾಲ್ಕು ಜನರ ಹತ್ತಿರ ಇಡು.

ಗ್ರಾಮಸಭೆ ತಾರೀಖು ಗೊತ್ತಾದ ಕೂಡಲೇ ಇಲ್ಲಿ ಹಾಕು. ನಾನು ಬರುತ್ತೇನೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿಗೇನು ಕೊರತೆ.

---

ಗಾರೆ ಕೆಲಸ, ಹೊಸಪೇಟೆ:

ನಾನೂ ಬರುತ್ತೇನೆ, ಜೊತೆಗೆ ಗಾರೆ ಕೆಲಸ ಬಲ್ಲ ಒಬ್ಬ ಗೌಂಡಿಯನ್ನೂ ಕರೆತರುತ್ತೇನೆ. ಅಲ್ಲಿಯವರೆಗೆ ಎರಡು ಕೆಲಸ ಮುಗಿಸಿ. ಮಾಳಿಗೆ ನೀರು ಹೋಗುವ ದೋಣಿ ಕಸ ತೆಗೆಯಿರಿ. ಹಿಂದಿನ ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಒಂದು ಸಣ್ಣ ಕಾಲುವೆ ತೋಡಿ. ಮಳೆಗಾಲಕ್ಕೆ ಮೊದಲು ಇಷ್ಟಾದರೆ ಸಾಕು. ಸುಣ್ಣ ಈಗಲೇ ತಂದು ತೊಟ್ಟಿಯಲ್ಲಿ ನೀರಿಗೆ ಹಾಕಿಬಿಡಿ, ಅದು ಎಷ್ಟು ದಿನ ನೆನೆದರೆ ಅಷ್ಟು ಒಳ್ಳೆಯದು. ಸುಟ್ಟ ಸುಣ್ಣ ನೀರಿಗೆ ಬಿದ್ದಾಗ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.